ಕೆಟ್ಟದ್ದನ್ನು ಮೊದಲು ಹೇಳುವ ಬೀಗದಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೂರನೇ ಮಹಡಿಯ ಖಾಲಿ ಮನೆಯ ಬಚ್ಚಲಲ್ಲಿ ಒಬ್ಬ ಹೆಂಗಸು ಕುಕ್ಕರುಗಾಲಿನಲ್ಲಿ ಕೂತು, ನೆಲದ ಜಾಲರಿಗೆ ಮೂಗು ಒಡ್ಡಿ ವಾಸನೆ ನೋಡುತ್ತಿದ್ದಾರೆ. ಪ್ಯಾಂಟಿನ ಮೇಲೆ ಉದ್ದದ ಅಂಗಿ, ಅಂಗಿಯ ಮೇಲೆ ಮೈತುಂಬ ಜೇಬಿರುವ ಹಳೇ ಕೋಟು. ಒಂದು ಜೇಬಿನಲ್ಲಿ ಟೆಸ್ಟರು, ಒಂದರಲ್ಲಿ ಹಲ್ಲುಜ್ಜಿ ಸವೆದ ಬ್ರಷ್ಷು, ಇನ್ನೊಂದರಲ್ಲಿ ಸೋಪಿನ ಚೂರು. ಮೂಗು ಮೇಲೆತ್ತಿ "ಹ್ಞಾ, ಇದಕ್ಕೆ ಕೋಪ ಬಂದಿದೆ" ಅನ್ನುತ್ತಾರೆ. ಮಗ್ಗಿನಲ್ಲಿ ನೀರು ತುಂಬಿ, ನಿಧಾನವಾಗಿ ಜಾಲರಿಗೆ ಹೊಯ್ಯುತ್ತಾರೆ.

"ತಿಂಗಳುಗಟ್ಟಲೆ ಬೀಗ ಹಾಕಿದ್ದ ಮನೆ ಅಂದ್ರೆ ಮುನಿಸಿಕೊಂಡ ನೆಂಟರ ಥರ ಮೇಡಂ. ಮೊದಲು ಕುಡಿಯೋಕೆ ನೀರು ಕೊಡಬೇಕು. ಮಾತುಕತೆ ಎಲ್ಲ ಆಮೇಲೆ."

ಜಾಲರಿಯ ಕೆಳಗೆ ಪೈಪು ಬಾಗಿರುತ್ತದಂತೆ. ಆ ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿದ್ದರೆ ಚರಂಡಿಯ ನಾತ ಮೇಲೆ ಬರುವುದಿಲ್ಲ. ಮನೆ ಖಾಲಿ ಬಿದ್ದರೆ ಆ ನೀರು ಒಣಗುತ್ತದೆ, ಹೊಸದಾಗಿ ಬಂದವರು ಬಾಗಿಲು ತೆಗೆದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೇನು ಗೊತ್ತಿತ್ತು? ನಾನು ಇಷ್ಟು ವರ್ಷ ಆ ವಾಸನೆಗೆ ಫಿನಾಯಿಲ್ ಸುರಿದು ಸುರಿದು ಸುಸ್ತಾಗಿದ್ದೆ.

ಬಚ್ಚಲು ಮುಗಿಯಿತು. ಈಗ ನಲ್ಲಿಗಳ ಸರದಿ. ಮೊದಲು ಕೆಮ್ಮುತ್ತವೆ, ಆಮೇಲೆ ಟೀ ಬಣ್ಣದ ನೀರು ಉಗುಳುತ್ತವೆ, ಒಂದಷ್ಟು ಹೊತ್ತು ಬಿಟ್ಟರೆ ತಿಳಿಯಾಗುತ್ತವೆ. ನಲ್ಲಿಯ ಬಾಯಿಗೆ ಸಿಕ್ಕಿಸಿದ ಜರಡಿಯನ್ನು ಬಿಚ್ಚಿ, ಅಂಗೈಗೆ ತಟ್ಟಿ ಮರಳು ಉದುರಿಸಿ, ಬ್ರಷ್ಷಿನಲ್ಲಿ ತಿಕ್ಕಿ ಮತ್ತೆ ತಿರುಗಿಸುತ್ತಾರೆ. ಬಿಸಿನೀರಿನ ಡಬ್ಬಿಗೆ ನೀರು ತುಂಬಿದ್ದು ಖಾತ್ರಿಯಾದ ಮೇಲಷ್ಟೇ ಅದರ ಸ್ವಿಚ್ಚು. ಗ್ಯಾಸಿನ ಪೈಪಿನ ಗಂಟುಗಳಿಗೆಲ್ಲ ಸೋಪಿನ ನೊರೆ ಬಳಿದು, ಗುಳ್ಳೆ ಏಳುತ್ತದೋ ಅಂತ ಬಾಗಿ ನೋಡುತ್ತಾರೆ. ಎದ್ದಿಲ್ಲ. "ಅಬ್ಬ" ಅನ್ನುತ್ತಾರೆ. ಪ್ರತಿ ಸಲವೂ ಹೀಗೆಯೇ "ಅಬ್ಬ" ಅನ್ನುತ್ತಾರಂತೆ, ಎಷ್ಟು ಮನೆ ನೋಡಿದರೂ.

ಮಧ್ಯಾಹ್ನದ ಹೊತ್ತಿಗೆ ಈ ಮನೆಗೆ ಒಂದು ಸಂಸಾರ ಬಂದಿಳಿಯುತ್ತದೆ. ಗಂಡ, ಹೆಂಡತಿ, ಎರಡು ಮಕ್ಕಳು, ಅವರ ಪೆಟ್ಟಿಗೆಗಳು. ಅವರಿಗೆ ಈ ದೇಶ ಹೊಸದು, ಭಾಷೆ ಹೊಸದು, ಯಾವ ಸ್ವಿಚ್ಚಿಗೆ ಯಾವ ದೀಪ ಅನ್ನುವುದೂ ಹೊಸದು. ಕೆಲಸ ಕೊಟ್ಟವರು ಮಹಾ ದೊಡ್ಡ ಕಂಪನಿಯವರಿರಬಹುದು, ಸಂಬಳ ದಂಡಿಯಾಗಿರಬಹುದು. ಆದರೆ ಮೊದಲ ದಿನ ಮಗುವಿಗೆ ಸ್ನಾನ ಮಾಡಿಸಲು ಬಿಸಿನೀರು ಬರದಿದ್ದರೆ ಅಷ್ಟೂ ಸಂಬಳ ನೀರಿನಲ್ಲಿ ಹೋಮ. ಆ ಬಿಸಿನೀರು ಬರುವಂತೆ ನೋಡಿಕೊಳ್ಳುವವರೇ ಈ ಬೀಗದಕ್ಕ.

ಬೀಗದಕ್ಕ ಅಂದ ಕೂಡಲೇ ಬೀಗರ ಪೈಕಿ ಯಾರೋ ಅಂದುಕೊಳ್ಳಬೇಡಿ. ಪರ ಊರಿನಿಂದ ಬರುವವರಿಗೆ ಮನೆ ಬಾಡಿಗೆಗೆ ಕೊಡಿಸುವ ಕಚೇರಿಯೊಂದರಲ್ಲಿ ಇವರಿಗೆ ಕೆಲಸ. ಸೊಂಟದ ಬಳೆಯಲ್ಲಿ ಕೀಗಳ ಗೊಂಚಲು ಸದಾ ಝಣಝಣ ಅನ್ನುತ್ತಿರುವುದರಿಂದ ಕಾವಲುಗಾರರು ಇಟ್ಟ ಹೆಸರು ಅದು. ಇವರಿಗೇನೂ ಬೇಸರವಿಲ್ಲ. "ಕೀಗೊಂಚಲು ಸೊಂಟದಲ್ಲಿದ್ರೆ ಮನೆ ಯಜಮಾನಿ ಅಂತಾರಲ್ಲ ಮೇಡಂ? ನಾನು ಊರಿಗೆಲ್ಲ ಯಜಮಾನಿ. ಮಲಗೋಕೆ ಮಾತ್ರ ಬಾಡಿಗೆ ಮಂಚ" ಅಂದು ನಗುತ್ತಾರೆ. ಆ ನಗು ಸ್ವಲ್ಪ ಬೇಗನೇ ನಿಲ್ಲುತ್ತದೆ.

ನಾನು ನಮ್ಮ ನಾಡು ಬಿಟ್ಟು ಈ ಊರಿಗೆ ಬಂದಾಗ ನನ್ನ ಮನೆಯ ಬಾಗಿಲು ತೆಗೆದು ಕೊಟ್ಟವರೂ ಇವರೇ. ಒಳಗೆ ಕಾಲಿಟ್ಟಿದ್ದೇ ತಡ, ನಮಸ್ಕಾರವಿಲ್ಲ, ಚಮತ್ಕಾರವಿಲ್ಲ, ನೇರವಾಗಿ ಶುರು ಮಾಡಿದರು: "ಮೇಡಂ, ನೀವು ಸ್ನಾನ ಮಾಡ್ತಿರೋವಾಗ ಮೇಲಿನ ಮನೆಯವರು ನಲ್ಲಿ ಬಿಟ್ರೆ ನಿಮಗೆ ತಣ್ಣೀರು ಬಂದುಬಿಡುತ್ತೆ. ಹೆದರಿ ಕಿರುಚಬೇಡಿ. ಇಸ್ತ್ರಿ ಪೆಟ್ಟಿಗೆ, ಬಿಸಿನೀರು ಎರಡೂ ಒಟ್ಟಿಗೆ ಹಾಕಿದ್ರೆ ಕರೆಂಟು ಹೋಗುತ್ತೆ. ಮಲಗೋ ಕೋಣೆ ಕಿಟಕಿ ತೆಗೆದಿಟ್ರೆ ಕೆಳಗಿನ ಲಾಂಡ್ರಿ ಸದ್ದು. ಇಷ್ಟು ಕೆಟ್ಟದ್ದು. ಇನ್ನು ಒಳ್ಳೇದು ನೋಡೋಣ ಬನ್ನಿ."

ಇದು ಇವರ ಕೆಲಸದ ರೀತಿ. ಮನೆಯ ಹುಳುಕು ಮೊದಲು, ಹೊಳಪು ಆಮೇಲೆ. ಕಚೇರಿಯ ಸಾಹೇಬರಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿ. "ನೀನು ಮನೆ ತೋರಿಸ್ತೀಯೋ, ಓಡಿಸ್ತೀಯೋ?" ಅಂತ ಎಷ್ಟೋ ಸಲ ರೇಗಿದ್ದಾರೆ. ಇವರು ಬಿಡಬೇಕಲ್ಲ! "ದೂರದ ಬೆಟ್ಟ ನುಣ್ಣಗೆ ಅಂತ ನಂಬಿಕೊಂಡೇ ಎಲ್ಲ ಇಲ್ಲಿಗೆ ಬರ್ತಾರೆ ಸಾರ್. ಹತ್ತಿರ ಬಂದಾಗ ಕಲ್ಲು ಇದೆ ಅಂತ ನಾವೇ ಹೇಳಿಬಿಟ್ರೆ ನೋಡಿಕೊಂಡು ನಡೀತಾರೆ. ಹೇಳದೇ ಇದ್ರೆ ಎಡವಿ ಬಿದ್ದು ನಮ್ಮನ್ನ ಬೈತಾರೆ" ಅಂತ ಇವರ ವಾದ. ಸಾಹೇಬರು ಗೊಣಗುತ್ತಾ ಸುಮ್ಮನಾಗಿದ್ದಾರೆ, ಯಾಕೆಂದರೆ ಇವರು ತೋರಿಸಿದ ಮನೆಗಳಿಂದ ದೂರು ಬರುವುದು ಕಡಿಮೆ.

ಹೊಸಬರ ಪಾಡು ಎಷ್ಟು ಬಗೆ ಅನ್ನುತ್ತೀರಿ! ಒಬ್ಬರು ತಮ್ಮ ದೇಶದಿಂದ ಅಕ್ಕರೆಯಿಂದ ಹೊತ್ತು ತಂದ ಮಿಕ್ಸಿಯನ್ನು ಇಲ್ಲಿನ ಪ್ಲಗ್ಗಿಗೆ ಸಿಕ್ಕಿಸಿ ಢಬ್ ಅನ್ನಿಸಿದರು. ಇಲ್ಲಿನ ಕರೆಂಟಿನ ಒತ್ತಡ ಅವರಲ್ಲಿನದಕ್ಕಿಂತ ಹೆಚ್ಚು, ಅದು ಅವರಿಗೆ ಗೊತ್ತಿರಲಿಲ್ಲ. ಇನ್ನೊಬ್ಬರ ಹೊಸ ಬಟ್ಟೆ ಒಗೆಯುವ ಮೆಷಿನ್ನು ಮೊದಲ ದಿನವೇ ಬಚ್ಚಲಿನಿಂದ ಹೊರಟು ಹಜಾರದವರೆಗೆ ನಡೆದು ಬಂತು. ಸಾಗಿಸುವಾಗ ಒಳಗಿನ ಡ್ರಮ್ಮು ಅಲುಗದಿರಲಿ ಅಂತ ಹಿಂದುಗಡೆ ಬೋಲ್ಟು ಬಿಗಿದಿರುತ್ತಾರೆ, ಅದನ್ನು ಬಿಚ್ಚಿರಲಿಲ್ಲ. ಮನೆಯೊಡತಿ ಸೋಫಾ ಹತ್ತಿ ನಿಂತು ಬೀಗದಕ್ಕನಿಗೆ ಫೋನು ಮಾಡಿದ್ದರಂತೆ, "ಬೇಗ ಬನ್ನಿ, ಇದು ನನ್ನ ಕಡೆಗೇ ಬರ್ತಾ ಇದೆ" ಅಂತ.

ಎಲ್ಲಕ್ಕಿಂತ ದೊಡ್ಡ ಗೋಳು ಬ್ಯಾಂಕಿನದು. ಖಾತೆ ತೆರೆಯಬೇಕಾದರೆ ನಿಮ್ಮ ಹೆಸರಿನ ಕರೆಂಟು ಬಿಲ್ಲು ತನ್ನಿ ಅನ್ನುತ್ತದೆ ಬ್ಯಾಂಕು. ನಿಮ್ಮ ಹೆಸರಿಗೆ ಕರೆಂಟು ಕೊಡಬೇಕಾದರೆ ಬ್ಯಾಂಕ್ ಖಾತೆ ಎಲ್ಲಿ ಅನ್ನುತ್ತದೆ ಕರೆಂಟು ಕಚೇರಿ. ಬೀಗದಕ್ಕ ಇದಕ್ಕೆ ಹೇಳುವ ಗಾದೆ ನಮಗೆಲ್ಲ ಗೊತ್ತಿರುವುದೇ: "ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ." ಎರಡೂ ಕಡೆಯ ಗುಮಾಸ್ತರನ್ನು ಅಣ್ಣಾ, ಅಕ್ಕಾ ಅಂತ ಪುಸಲಾಯಿಸಿ, ಮದುವೆಯನ್ನೂ ಮಾಡಿಸಿ ಹುಚ್ಚನ್ನೂ ಬಿಡಿಸುವುದು ಇವರಿಗೆ ನಿತ್ಯದ ಕೆಲಸ.

ಹಾಗಂತ ಇವರಿಂದ ಎಡವಟ್ಟು ಆಗಿಯೇ ಇಲ್ಲ ಅಂತಲ್ಲ. ಒಮ್ಮೆ ನಮ್ಮ ಮಾತಿನವರೇ ಆದ ಸಂಸಾರವೊಂದು ಬಂತು. ಇವರಿಗೆ ಖುಷಿಯೋ ಖುಷಿ, ಕೈಸನ್ನೆ ಬಾಯಿಸನ್ನೆ ಏನೂ ಬೇಡ, ಬಾಯ್ತುಂಬ ಮಾತಾಡಬಹುದು. ಮಾರನೇ ದಿನ ಆ ಮನೆಯ ಯಜಮಾನರು ಫೋನು ಮಾಡಿ, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಅಂದರು. ಇವರು "ಸಿಂಕ್ ಕೆಳಗೆ ಒಂದು ತಿರುಪು ಇದೆ ನೋಡಿ, ಅದನ್ನ ಹಾಕಿಬಿಡಿ" ಅಂದರು. ಬಾಗಿಲು ಹಾಕು ಅಂದರೆ ಮುಚ್ಚು ಅಂತ ತಾನೇ? ಅವರು ಫ್ಯಾನು ಹಾಕು ಅನ್ನುವ ಲೆಕ್ಕದಲ್ಲಿ ಅರ್ಥ ಮಾಡಿಕೊಂಡು ಪೂರ್ತಿ ತಿರುಗಿಸಿದರು. ನೀರು ಬುಸ್ಸಂತ ಎದ್ದಿತು. ಇವರು ಫೋನಿನಲ್ಲಿ "ಅಯ್ಯೋ, ಹಾಕಿ, ಹಾಕಿ!" ಅಂತ ಕೂಗಿದರೆ ಅವರು ಅಲ್ಲಿಂದ "ಹಾಕಿದೀನಲ್ರೀ! ಇನ್ನೆಷ್ಟು ಹಾಕಲಿ?" ಅಂತ ಕೂಗುತ್ತಿದ್ದಾರೆ. ಗಾಬರಿಯಲ್ಲಿ ಇವರು "ಹಾಗಾದ್ರೆ ತೆಗೀರಿ" ಅಂದರು. ಬಾಗಿಲು ತೆಗಿ ಅಂದರೆ ತೆರೆ, ಲೈಟು ತೆಗಿ ಅಂದರೆ ಆರಿಸು. ಪಾಪ, ಅವರು ತಿರುಪನ್ನೇ ಕಿತ್ತು ಕೈಗೆ ತೆಗೆದುಕೊಂಡರು.

"ಭಾಷೆ ಬರದವರ ಜೊತೆ ಒಂದು ಸಲವೂ ಹೀಗಾಗಿಲ್ಲ ಮೇಡಂ. ನಮ್ಮ ಮಾತಿನವರ ಜೊತೆಯೇ ಮನೆಯೆಲ್ಲ ಕೆರೆ ಆಯ್ತು. ಅವತ್ತಿಂದ ನಾನು ಹಾಕು, ತೆಗಿ ಎರಡೂ ಬಿಟ್ಟಿದೀನಿ. ನೀರು ನಿಲ್ಲೋ ಕಡೆ ತಿರುಗಿಸಿ, ನೀರು ಬರೋ ಕಡೆ ತಿರುಗಿಸಿ, ಅಷ್ಟೇ."

ಹೇಳಿ ಹೇಳಿ ನಗುತ್ತಾರೆ. ಆಮೇಲೆ ಒಂದು ಮಾತು ಸೇರಿಸುತ್ತಾರೆ: "ಆ ನೀರು ಒರೆಸಿದೆವು, ಹೋಯ್ತು. ನಮ್ಮ ಮನೇಲಿ ಒಂದು ಮಾತು ತಿರುವುಮುರುವು ಆಗಿದೆ ನೋಡಿ, ಅದನ್ನ ಒರೆಸೋಕೆ ಇನ್ನೂ ಆಗಿಲ್ಲ."

ಬೀಗದಕ್ಕನಿಗೆ ಒಬ್ಬಳು ಮಗಳಿದ್ದಾಳೆ. ಮಗು ಮೂರು ವರ್ಷದ ಕೂಸಾಗಿದ್ದಾಗ ತವರಿನಲ್ಲಿ ತಮ್ಮ ಸ್ವಂತ ಅಕ್ಕನ ಮಡಿಲಿಗೆ ಹಾಕಿ ಇವರು ದುಡಿಯಲು ಈ ದೇಶಕ್ಕೆ ಬಂದರು. ಗಂಡನ ಬಗ್ಗೆ ಕೇಳಿದರೆ "ಇದಾರೆ. ನಮಗಿಲ್ಲ ಅಷ್ಟೇ" ಅನ್ನುತ್ತಾರೆ, ಅದರಾಚೆ ಒಂದಕ್ಷರ ಇಲ್ಲ. ಮೊದಲು ಪರದೇಶದ ಸಂಸಾರವೊಂದರ ಮನೆಗೆಲಸಕ್ಕೆ ಸೇರಿದರು. ಆ ಸಂಸಾರ ಊರು ಬಿಟ್ಟು ಹೋಗುವಾಗ, ಮನೆ ಒಪ್ಪಿಸಿಕೊಳ್ಳಲು ಬಂದ ಬಾಡಿಗೆ ಕಚೇರಿಯವರು, ಆ ಮನೆಯ ಯಾವ ನಲ್ಲಿ ಯಾವಾಗ ಮುನಿಯುತ್ತದೆ ಅಂತ ಇವರು ಪಟಪಟ ಹೇಳುವುದನ್ನು ಕೇಳಿ ಕೆಲಸಕ್ಕೆ ಕರೆದರು. ಅಂದಿನಿಂದ ಇಂದಿನವರೆಗೆ ಅದೇ ಕೆಲಸ, ಮಲಗಲು ಕೆಲಸಗಾರ ಹೆಂಗಸರ ಹಾಸ್ಟೆಲ್ಲು. ಒಂದು ಕೋಣೆಯಲ್ಲಿ ಆರು ಮಂಚ, ಆರು ಜನಕ್ಕೆ ಒಂದು ಬಚ್ಚಲು. ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ.

ಅಕ್ಕನಿಗೆ ಎರಡು ಮಕ್ಕಳು. ಅವರು ಇವರನ್ನು ಕರೆಯುವುದು ಚಿಕ್ಕಮ್ಮ ಅಂತ. ಅಮ್ಮನ ತಂಗಿ ಚಿಕ್ಕಮ್ಮ ತಾನೇ, ಅದು ಸರಿಯೇ. ಫೋನು ಬಂದಾಗಲೆಲ್ಲ ಆ ಮಕ್ಕಳು "ಚಿಕ್ಕಮ್ಮನ ಫೋನು, ಚಿಕ್ಕಮ್ಮನ ಫೋನು" ಅಂತ ಮನೆಯೆಲ್ಲ ಕುಣಿಯುತ್ತಿದ್ದವು. ಅವುಗಳ ಹಿಂದೆ ಈ ಪುಟ್ಟದೂ ಕುಣಿಯುತ್ತಿತ್ತು. ಅವುಗಳು ತಮ್ಮ ತಾಯಿಯನ್ನು ಅಮ್ಮ ಅಂದರೆ ಇದೂ ಅಮ್ಮ ಅಂದಿತು. ಯಾರೂ ಹೇಳಿಕೊಡಲಿಲ್ಲ, ಯಾರೂ ತಡೆಯಲೂ ಇಲ್ಲ. ಎರಡು ವರ್ಷ ಬಿಟ್ಟು ಇವರು ಮೊದಲ ಸಲ ರಜೆಗೆ ಹೋದಾಗ, ಮಗು ದೊಡ್ಡಮ್ಮನ ಸೆರಗಿನ ಹಿಂದೆ ಅವಿತುಕೊಂಡು ಒಂದು ಕಣ್ಣು ಮಾತ್ರ ಹೊರಗೆ ಹಾಕಿ "ಚಿಕ್ಕಮ್ಮ ಬಂದ್ರು" ಅಂದಳು.

"ಎಲ್ಲರೂ ನಕ್ಕರು ಮೇಡಂ. ನಾನೂ ನಕ್ಕೆ. ನಗದೇ ಇನ್ನೇನು ಮಾಡ್ಲಿ? ಮೂರು ವರ್ಷದ ಕೂಸನ್ನ ಬಿಟ್ಟು ಹೋದವಳು ನಾನು. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಕೊಂಡು ಅತ್ತೆ. ಅಕ್ಕನಿಗೆ ಗೊತ್ತಾಯ್ತು. ಅವಳೇ ಮಗೂನ ಎಳೆದು ಕೂರಿಸಿ, 'ಇವಳು ನಿನ್ನ ಅಮ್ಮ ಕಣೇ, ನಿನ್ನ ಹೆತ್ತೋಳು' ಅಂದ್ಲು. ಮಗು ಅವಳ ಮುಖ ನೋಡಿ, 'ಹಾಗಾದ್ರೆ ನೀನ್ಯಾರು?' ಅಂತ ಕೇಳ್ತು. ನಾವಿಬ್ರೂ ಆ ಮಾತು ಅಲ್ಲಿಗೇ ಬಿಟ್ಟೆವು."

ಬಿಟ್ಟ ಮಾತು ಬಿಟ್ಟೇ ಇದೆ. ಮಗಳಿಗೆ ಈಗ ಹದಿನಾಲ್ಕು. ಹೆತ್ತವಳು ಯಾರು ಅಂತ ಚೆನ್ನಾಗಿ ಗೊತ್ತಿದೆ, ಶಾಲೆಯಲ್ಲಿ ತಾಯಿಯ ಹೆಸರು ಬರೆಯುವ ಕಡೆ ಇವರ ಹೆಸರನ್ನೇ ಬರೆಯುತ್ತಾಳೆ. ನಾಲಿಗೆ ಮಾತ್ರ ಹಳೇ ದಾರಿಯಲ್ಲೇ ಹೋಗುತ್ತದೆ. ಹೆತ್ತವಳು ಚಿಕ್ಕಮ್ಮ, ಸಾಕಿದವಳು ಅಮ್ಮ.

"ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚಿದೆ ಮೇಡಂ. ಹೇಳಬಾರದು, ಆದ್ರೂ ಹೇಳ್ತೀನಿ. ನನ್ನ ಮಗಳಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತವಳು ಅವಳು. ಅವಳ ಕಾಲು ತೊಳೆದು ನೀರು ಕುಡಿದ್ರೂ ಋಣ ತೀರಲ್ಲ. ಆದ್ರೂ ಫೋನಲ್ಲಿ ಆ ಕಡೆಯಿಂದ 'ಅಮ್ಮಾ' ಅಂತ ಕೇಳಿದ ಕೂಡಲೇ, ಬಾಯಿಗೆ 'ಓ' ಅಂತ ಬಂದುಬಿಡುತ್ತೆ. ನನ್ನನ್ನಲ್ಲ ಕರೆದಿದ್ದು ಅಂತ ಆಮೇಲೆ ಗೊತ್ತಾಗುತ್ತೆ."

ಇದನ್ನು ಹೇಳುವಾಗ ಬೀಗದಕ್ಕ ಕೈಕಟ್ಟಿ ಕೂತಿರಲಿಲ್ಲ. ಹೊಸ ಸಂಸಾರದ ಮಕ್ಕಳ ಕೋಣೆಯಲ್ಲಿ ಪ್ಲಗ್ಗುಗಳಿಗೆ ಮುಚ್ಚಳ ಸಿಕ್ಕಿಸುತ್ತಿದ್ದರು, ಸಣ್ಣ ಬೆರಳು ಒಳಗೆ ಹೋಗದಿರಲಿ ಅಂತ. ಕಿಟಕಿಯ ಚಿಲಕ ಮಕ್ಕಳ ಕೈಗೆ ಎಟುಕುತ್ತದೋ ಅಂತ ತಾವೇ ಮೊಣಕಾಲೂರಿ, ಮಗುವಿನಷ್ಟೆತ್ತರಕ್ಕೆ ಕುಗ್ಗಿ, ಕೈ ಚಾಚಿ ನೋಡಿದರು. ಬೇರೆಯವರ ಮಕ್ಕಳಿಗೆ ಹೀಗೆ ಕೈ ಚಾಚಿ ಚಾಚಿ ನೋಡುತ್ತಾ ತಮ್ಮ ಮಗಳ ಬೆಳೆಯುವ ಎತ್ತರವೆಲ್ಲ ಇವರ ಕಣ್ತಪ್ಪಿ ಹೋಗಿದೆ.

ಇಷ್ಟು ವರ್ಷದಲ್ಲಿ ಈಗ ಮೊದಲ ಸಲ ಒಂದು ದಾರಿ ಕಂಡಿದೆ. ದುಡಿಯಲು ಬಂದವರು ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ತಮ್ಮದೇ ಹೆಸರಿನಲ್ಲಿ ಬಾಡಿಗೆ ಮನೆ ಇರಬೇಕು, ಆ ಮನೆಯ ಕರೆಂಟು ಬಿಲ್ಲು ತಮ್ಮ ಹೆಸರಿಗೇ ಬರಬೇಕು. ಇದು ಇಲ್ಲಿನ ಕಾನೂನು. ಊರಿಗೆಲ್ಲ ಕರೆಂಟು ಕೊಡಿಸಿದ ಇವರ ಹೆಸರಿನಲ್ಲಿ ಒಂದು ಬಲ್ಬೂ ಇರಲಿಲ್ಲ. ಹೋದ ತಿಂಗಳು ಹಳೇ ಕಟ್ಟಡವೊಂದರ ಮೇಲ್ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದಿದ್ದಾರೆ. ಆದರೆ ಇನ್ನೊಂದು ಷರತ್ತಿದೆ. ಇಷ್ಟು ದೊಡ್ಡ ಮಗುವಾದರೆ ಅದರ ಒಪ್ಪಿಗೆಯನ್ನೂ ಸರ್ಕಾರಿ ಕಚೇರಿಯವರು ಕೇಳುತ್ತಾರೆ. ಹದಿನೈದು ತುಂಬಿದ ಮೇಲೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಅಂದರೆ ಈ ವರ್ಷ ಮಗಳು ಹೂಂ ಅನ್ನಬೇಕು. ಇಲ್ಲದಿದ್ದರೆ ಮುಗಿಯಿತು.

ಮಗಳು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಮನೆ ನೋಡಿ ಹೇಳುತ್ತೇನೆ ಅಂದಿದ್ದಾಳೆ. "ಎಷ್ಟು ಜನ ಬಾಡಿಗೆಯವರು ನನಗೆ ಈ ಮಾತು ಹೇಳಿದಾರೆ ಮೇಡಂ! ಯಾರ ಉತ್ತರಕ್ಕೂ ನಾನು ಹೀಗೆ ಕಾದಿರಲಿಲ್ಲ" ಅನ್ನುತ್ತಾರೆ ಬೀಗದಕ್ಕ.

ರಜೆಯ ದಿನ ಆ ಮನೆಗೆ ನಾನೂ ಹೋಗಿದ್ದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ಹೋದರೆ ಸುಣ್ಣದ ವಾಸನೆ. ಗೋಡೆಗೆ ಸುಣ್ಣ ಬಳಿದಿದ್ದು ಅವರೇ. ಎರಡು ಮಂಚ ಗೋಡೆಗೆ ಒಂದೊಂದು, ನಡುವೆ ಒಂದು ಪರದೆ. ಹುಡುಗಿ ವಯಸ್ಸಿಗೆ ಬರುತ್ತಿದ್ದಾಳೆ, ಅವಳದ್ದು ಅಂತ ಒಂದು ಮೂಲೆ ಬೇಡವೇ? ಓದುವ ಮೇಜಿನ ಮೇಲೆ ಬಗ್ಗುವ ದೀಪ. ಬಚ್ಚಲಿಗೆ ಹೊಸ ಬಕೀಟು, ಅದರೊಳಗೆ ಮಗ್ಗು, ಮಗ್ಗಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇದೆ. ನಲ್ಲಿ ತಿರುಗಿಸಿದರೆ ತಿಳಿನೀರು. ಊರಿನವರ ಮನೆಗೆ ಮಾಡುವ ಎಲ್ಲವನ್ನೂ ಇಲ್ಲಿ ಎರಡೆರಡು ಸಲ ಮಾಡಿದ್ದಾರೆ.

ವಿಡಿಯೋ ಕರೆ ಬಂತು. ಫೋನಿನ ಪರದೆಯ ಮೇಲೆ ಹುಡುಗಿ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಅವಳ ಹಿಂದೆ ಕುರ್ಚಿಯಲ್ಲಿ ಕೂತು ದೊಡ್ಡಮ್ಮ ಅವಳ ತಲೆ ಬಾಚುತ್ತಿದ್ದಾರೆ. ದೊಡ್ಡಮ್ಮನ ಮುಖ ಅರ್ಧ ಕಾಣುತ್ತದೆ, ಕೈ ಪೂರ್ತಿ ಕಾಣುತ್ತದೆ. ಹುಡುಗಿಗೆ ತಾಯಿಯದೇ ಹುಬ್ಬು, ತಾಯಿಯದೇ ಗಡಸು ದನಿ.

"ಚಿಕ್ಕಮ್ಮಾ, ತೋರಿಸು."

ಬೀಗದಕ್ಕ ಫೋನು ಹಿಡಿದುಕೊಂಡು ಎದ್ದು ನಿಂತರು. ಒಂದು ಗಳಿಗೆ ನನ್ನ ಕಡೆ ನೋಡಿದರು. ಓದುವ ಮೇಜು ಅಷ್ಟು ಚೆಂದಾಗಿದೆ, ಅದನ್ನೇ ಮೊದಲು ತೋರಿಸಿಬಿಡಿ ಅಂತ ನಾನು ಕಣ್ಣಲ್ಲೇ ಹೇಳಿದೆ. ಅವರು ನೇರ ಕಿಟಕಿಗೆ ಹೋದರು.

"ಕೆಟ್ಟದ್ದು ಮೊದಲು ಹೇಳ್ತೀನಿ ಕೇಳು ಪುಟ್ಟಿ. ಕಿಟಕಿ ತೆಗೆದ್ರೆ ಪಕ್ಕದ ಕಟ್ಟಡದ ಗೋಡೆ. ಬೇರೇನೂ ಕಾಣಲ್ಲ. ಬಿಸಿನೀರು ಒಬ್ಬರಿಗೆ ಆಗೋಷ್ಟೇ ಬರೋದು, ಆಮೇಲೆ ಕಾಯಬೇಕು. ಮೆಟ್ಟಿಲು ಜಾಸ್ತಿ. ನೀನು ಏಳೋ ಮುಂಚೆ ನಾನು ಕೆಲಸಕ್ಕೆ ಹೋಗಿರ್ತೀನಿ. ಸಾಯಂಕಾಲ ಸುಸ್ತಾಗಿ ಬಂದು ಸಿಡಿಮಿಡಿ ಅಂತೀನಿ, ಅದು ನನ್ನ ಸ್ವಭಾವ. ಇಲ್ಲಿ ನಿನಗೆ ಜೊತೆಗೆ ಅಕ್ಕ ಅಣ್ಣ ಯಾರೂ ಇಲ್ಲ. ಮತ್ತೆ..."

ಹುಡುಗಿ ಕಾಯುತ್ತಿದ್ದಳು.

"ಮತ್ತೆ, ನಿನಗೆ ತಿನ್ನೋಕೆ ಏನಿಷ್ಟ ಅಂತ ನನಗೆ ಗೊತ್ತಿಲ್ಲ ಕಣೇ. ಯಾವ ಬಣ್ಣ ಇಷ್ಟ ಅಂತ ಗೊತ್ತಿಲ್ಲ, ಅದಕ್ಕೇ ಪರದೆ ಬಿಳೀದೇ ತಂದೆ. ನೀನು ಯಾವಾಗ ಸುಳ್ಳು ಹೇಳ್ತೀಯ, ಯಾವಾಗ ಹೊಟ್ಟೆನೋವು ನಿಜ ಅಂತ ನನಗೆ ಗೊತ್ತಾಗಲ್ಲ. ಇದೇ ಈ ಮನೆಯ ಎಲ್ಲಕ್ಕಿಂತ ದೊಡ್ಡ ಕೊರತೆ. ನಾನು ಕಲೀಬೇಕು. ಎಷ್ಟು ದಿನ ಬೇಕೋ ಗೊತ್ತಿಲ್ಲ."

ಆ ಕಡೆ ಬಾಚಣಿಗೆ ಕೂದಲಲ್ಲಿ ಮೇಲಿಂದ ಕೆಳಗೆ ಓಡಾಡುತ್ತಿತ್ತು. ಹುಡುಗಿ ಕೆಳತುಟಿ ಕಚ್ಚಿ ಏನೋ ಯೋಚಿಸಿದಳು. ಇವಳು ಬರುವುದಿಲ್ಲ ಅಂತ ನನಗೆ ಅನಿಸಿಬಿಟ್ಟಿತು. ಬೀಗದಕ್ಕನ ಮುಖ ನೋಡಲು ಧೈರ್ಯವಾಗದೆ ನಾನು ಆ ಬಗ್ಗುವ ದೀಪವನ್ನೇ ನೋಡುತ್ತಾ ನಿಂತೆ.

"ಅಲ್ಲಿ ಪ್ಲಗ್ ಯಾವ ಥರದ್ದು?" ಅಂತ ಕೇಳಿದಳು ಹುಡುಗಿ.

"ಏನು?"

"ಪ್ಲಗ್ಗು. ನನ್ನ ಚಾರ್ಜರ್ ಅಲ್ಲಿ ಹಿಡಿಯುತ್ತಾ? ದೊಡ್ಡಮ್ಮ ಮೊನ್ನೆ ತಾನೇ ಹೊಸದು ಕೊಡಿಸಿದ್ರು."

ಬಾಚಣಿಗೆ ಕೂದಲ ನಡುವೆ ನಿಂತುಹೋಯಿತು.

ಓದುಗರೇ, ಈ ಮಾತಿನ ತೂಕ ನಮ್ಮ ಭಾಷೆಯವರಿಗಲ್ಲದೆ ಇನ್ಯಾರಿಗೆ ತಿಳಿಯಬೇಕು? ನಿನ್ನೆ ಮೊನ್ನೆಯವರೆಗೂ ಆಕೆ ಅಮ್ಮ. 'ಅಮ್ಮ ಕೊಡಿಸಿದ್ಲು' ಅನ್ನುತ್ತಿದ್ದ ಹುಡುಗಿ ಇವತ್ತು 'ದೊಡ್ಡಮ್ಮ ಕೊಡಿಸಿದ್ರು' ಅಂದಳು. ಬಹುವಚನ ಬೇರೆ. ಆಕೆ ದೊಡ್ಡಮ್ಮ ಆದರೆ ಅಮ್ಮ ಯಾರು ಅಂತ ಲೆಕ್ಕ ಹಾಕಲು ಗಣಿತ ಬೇಕಾಗಿಲ್ಲ. ಹುಡುಗಿ ಬೇಕೆಂದೇ ಅಂದಳೋ, ಬಾಯಿತಪ್ಪಿ ಬಂತೋ, ನನಗೆ ತಿಳಿಯಲಿಲ್ಲ. ಅವಳು ಕಿವಿಯವರೆಗೂ ಕೆಂಪಾಗಿದ್ದಳು.

ಬೀಗದಕ್ಕ ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದರೋ ಅಷ್ಟೂ ವರ್ಷ ಅವರ ಮುಖದ ಮೇಲೆ ಬಂದು ಹೋಯಿತು. ಆದರೆ ಅವರು ನೋಡುತ್ತಿದ್ದದ್ದು ಮಗಳನ್ನಲ್ಲ. ಮಗಳ ತಲೆಯ ಹಿಂದೆ, ಕೂದಲಲ್ಲಿ ಹಾಗೇ ನಿಂತ ಆ ಕೈಯನ್ನು.

"ಏ ಹುಡುಗೀ," ಅಂದರು. ದನಿ ಒಡೆದಿತ್ತು, ಗದರಿಸಿ ಸರಿಮಾಡಿಕೊಂಡರು. "ಅವಳು ನಿನಗೆ ದೊಡ್ಡಮ್ಮ ಯಾವಾಗ ಆದ್ಲು? ಬಾಯಿ ತೊಳ್ಕೊ. ಅಮ್ಮ ಅನ್ನು. ನೀನು ಇಲ್ಲಿಗೆ ಬಂದ್ರೂ ಅವಳು ಅಮ್ಮನೇ. ಗೊತ್ತಾಯ್ತಾ?"

ಫೋನಿನ ಪರದೆಯ ಮೇಲೆ ಆ ಕೈ ಒಮ್ಮೆ ಹುಡುಗಿಯ ನೆತ್ತಿಯನ್ನು ಒತ್ತಿ ಹಿಡಿಯಿತು. ಆಮೇಲೆ ಬಾಚಣಿಗೆ ಮತ್ತೆ ಓಡಾಡಿತು. ದೊಡ್ಡಮ್ಮ ಅರ್ಧ ಮುಖವನ್ನೂ ಆಚೆಗೆ ತಿರುಗಿಸಿಕೊಂಡಿದ್ದರು.

"ಮತ್ತೆ ನಿನ್ನನ್ನ ಏನಂತ ಕರೀಲಿ?" ಹುಡುಗಿಗೆ ಈಗ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

ಬೀಗದಕ್ಕ ಮಂಚದ ಮೇಲೆ ಕೂತರು. ಅದು ಮಗಳ ಮಂಚ, ಅದರ ಮೇಲೆ ಇನ್ನೂ ಯಾರೂ ಕೂತಿರಲಿಲ್ಲ.

"ಏನಂತಾದ್ರೂ ಕರಿ ಪುಟ್ಟಿ," ಅಂದರು. "ಫೋನಲ್ಲಿ ಮಾತ್ರ ಬೇಡ. ಇಲ್ಲಿಗೆ ಬಂದು, ಪಕ್ಕದಲ್ಲಿ ನಿಂತು ಕರಿ."